ಜೊತೆಗಿದ್ದುದಕ್ಕೆ ಸಾಕ್ಷಿ

ಸ್ವೀಡನ್ನಿನ ಕಿಸ್ಟಾದ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಾಸನದ ಸಹೋದ್ಯೋಗಿ ಹೆಂಡತಿಯನ್ನು ಕರೆಸಿಕೊಂಡಾಗ ಅವನನ್ನು ಯಾರೂ ಹೆಚ್ಚು ಕೇಳಲಿಲ್ಲ. ಮದುವೆಯ ಆಲ್ಬಮ್ ಇತ್ತು, ಛತ್ರದ ತುಂಬ ಕೂತು ಉಂಡ ಜನರಿದ್ದರು. ಅದೇ ವರ್ಷ ನಾನು ನನ್ನವಳಿಗಾಗಿ ಅರ್ಜಿ ಹಾಕಿದೆ. ಆಗಿನ್ನೂ ಸ್ವೀಡನ್ನಿನಲ್ಲಿ ಇಬ್ಬರು ಹೆಂಗಸರ ಬಾಳುವೆಗೆ ಮದುವೆಯೆಂಬ ಹೆಸರಿರಲಿಲ್ಲ. ಆದರೂ ಸಂಗಾತಿಯನ್ನು ಕರೆಸಿಕೊಳ್ಳುವ ಹಕ್ಕು ಅವನಿಗಿದ್ದಂತೆ ನನಗೂ ಇತ್ತು. ಅಷ್ಟು ಸಾಕೆಂದುಕೊಂಡಿದ್ದೆ.

ವಲಸೆ ಕಚೇರಿಯಲ್ಲಿ ನನ್ನ ಸಂದರ್ಶನ ಮಾಡಿದ ಅಧಿಕಾರಿ ಮೃದು ಮಾತಿನ ಹೆಂಗಸು. ಬೆಂಗಳೂರಿನಲ್ಲಿ ಮನೆ ಹೇಗಿತ್ತು, ಅಡುಗೆ ಯಾರು ಮಾಡುತ್ತಿದ್ದರು ಎಂದೆಲ್ಲ ಕೇಳಿದ ಮೇಲೆ, "ನೀವಿಬ್ಬರೂ ಜೋಡಿ ಅಂತ ಗೊತ್ತಿರುವವರು ಯಾರಾದರೂ ಇದ್ದಾರಾ?" ಎಂದರು.

ಒಬ್ಬೊಬ್ಬರನ್ನೇ ನೆನೆಸಿಕೊಂಡೆ. ವಿಜಯನಗರದ ಮನೆ ಓನರಿಗೆ ನಾವು ದೊಡ್ಡಮ್ಮ-ಚಿಕ್ಕಮ್ಮನ ಮಕ್ಕಳು. ಹಾಲಿನವನಿಗೆ ಅಕ್ಕ ತಂಗಿ. ನನ್ನ ಹೆತ್ತವರು ಆಗಲೇ ತೀರಿಹೋಗಿದ್ದರು. ಯಾರ ಕಣ್ಣಿಗೂ ಬೀಳದಂತೆ ಬದುಕಿದ್ದೆವು. ಈಗ ಕಂಡವರೇ ಇರಲಿಲ್ಲ.

ಫೋನಿನಲ್ಲಿ ಅವಳಿಗೆ ಹೇಳಿದೆ.

"ಅಣ್ಣಂಗೆ ಹೇಳ್ಬಿಡ್ತೀನಿ," ಎಂದಳು.

"ಬೇಡ ಕಣೇ. ಬೇರೆ ಏನಾದ್ರೂ ಯೋಚ್ನೆ ಮಾಡೋಣ."

"ಬೇರೆ ಯಾರಿದಾರೆ ಹೇಳು ನಮಗೆ?"

ಆ ಭಾನುವಾರವೇ ಬಸ್ಸು ಹತ್ತಿ ದಾವಣಗೆರೆಗೆ ಹೋದಳು. ಅಣ್ಣ ಊಟಕ್ಕೆ ಕೂತಿದ್ದರಂತೆ. ಇವಳು ಹೇಳಿ ಮುಗಿಸುವಷ್ಟರಲ್ಲಿ ಅತ್ತಿಗೆ ಎದ್ದು ಮಕ್ಕಳ ಕೋಣೆಯ ಬಾಗಿಲು ಹಾಕಿದರು. ಅಣ್ಣ ಕೂಗಾಡಲಿಲ್ಲ. ಕೈ ತೊಳೆದುಕೊಂಡು ಬಂದು, "ಅಮ್ಮಂಗೆ ಗೊತ್ತಾ?" ಎಂದರು.

"ಇಲ್ಲ."

"ವೀಸಾದವರು ಫೋನ್ ಮಾಡಿದ್ರೆ ನಿಜಾನೇ ಹೇಳ್ತೀನಿ. ಆದ್ರೆ ಹೋದ್ಮೇಲೆ ನೀನು ಈ ಮನೆಗೆ ಬರಬಾರ್ದು. ಅಮ್ಮಂಗೂ ಫೋನ್ ಮಾಡಬಾರ್ದು."

ಅವಳು ಒಪ್ಪಿಕೊಂಡಳು. ಅಣ್ಣ ಎರಡೂ ಮಾತು ಉಳಿಸಿಕೊಂಡರು.

ನವೆಂಬರಿನಲ್ಲಿ ಅವಳು ಬಂದಿಳಿದಾಗ ಮಧ್ಯಾಹ್ನಕ್ಕೇ ಕತ್ತಲಾಗಿತ್ತು. ಬೆಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದವಳಿಗೆ ಇಲ್ಲಿ ಭಾಷೆ ಬರುವವರೆಗೆ ಸಿಕ್ಕಿದ್ದು ವೃದ್ಧಾಶ್ರಮದ ಕೆಲಸ. ಬೆಳಿಗ್ಗೆ ಮೆಟ್ರೋದಲ್ಲಿ ನನ್ನ ಕೈ ಹಿಡಿದು ಕೂರುತ್ತಿದ್ದಳು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಕನ್ನಡದವರು ಯಾರಾದರೂ ಹತ್ತಿದರೆ ಮಾತ್ರ ಕೈ ತಾನಾಗಿ ಬಿಟ್ಟುಹೋಗುತ್ತಿತ್ತು.

ಮರುವರ್ಷದ ಚಳಿಗಾಲದಲ್ಲಿ ಅವಳ ಅಣ್ಣ ನನ್ನ ನಂಬರಿಗೆ ಫೋನ್ ಮಾಡಿದರು. "ಅಮ್ಮ ಹೋದ್ರು. ಮೊನ್ನೆ. ಅವಳಿಗೆ ಹೇಳ್ಬಿಡಿ."

"ನಾವು ಹೊರಟು ಬರ್ತೀವಿ."

"ಎಲ್ಲಾ ಮುಗ್ದಿದೆ. ಬರೋದು ಬೇಡ."

ಹೇಳಿದೆ. ಅವಳು ಅಳಲಿಲ್ಲ. "ಅಮ್ಮ ನನ್ನ ಕೇಳಿದ್ಲಂತಾ?" ಎಂದಳು. ಅದನ್ನು ನಾನು ವಿಚಾರಿಸಿರಲಿಲ್ಲ. ಮತ್ತೆ ಫೋನ್ ಮಾಡಿದೆ. ಅತ್ತ ಯಾರೂ ಎತ್ತಲಿಲ್ಲ.

ಮರುದಿನ ರಜೆ ಹಾಕು ಎಂದೆ. "ಮನೇಲಿ ಕೂತು ಏನ್ ಮಾಡ್ಲಿ?" ಎಂದು ಕೋಟು ಹಾಕಿಕೊಂಡು ಹೊರಟಳು. ಸಂಜೆ ಬಂದು, ಅಲ್ಲಿಯ ಅಜ್ಜಿಯೊಬ್ಬರಿಗೆ ಸ್ನಾನ ಮಾಡಿಸಿ ತಲೆ ಬಾಚಿದೆ ಎಂದಷ್ಟೇ ಹೇಳಿದಳು. ನಾನು ಅನ್ನಕ್ಕಿಟ್ಟೆ. ಅವಳು ಕೋಟು ಬಿಚ್ಚದೆ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದಳು.