ಮನಿಯವರ ಹೆಸರಿನವರು

ಸೀತನಿ ಸುಡುವ ವಾಸನೆ ಮೂಗಿಗೆ ಬಿದ್ದರೆ ನನಗೆ ಮೊದಲು ಹಸಿವಾಗುತ್ತದೆ, ಆಮೇಲೆ ಒಂದು ಖೂನಿ ನೆನಪಾಗುತ್ತದೆ. ಇಷ್ಟು ವರ್ಷವಾದರೂ ಈ ಸರದಿ ತಪ್ಪಿಲ್ಲ. ಹಾಲು ತುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ತಿನ್ನುವುದು ಸೀತನಿ. ನೀವು ತಿಂದಿರದಿದ್ದರೆ ನಿಮ್ಮ ಬಗ್ಗೆ ನನಗೆ ಮರುಕವಿದೆ, ಅಷ್ಟೇ.

ಮೊನ್ನೆ ಮೊಮ್ಮಗಳು ಸುಜಾತಾ ತಾಂಬಾದ ಹೊಲದಿಂದ ಒಂದು ಚೀಲ ತೆನೆ ತಂದು ನಮ್ಮ ಸಿಂದಗಿ ಮನೆಯ ಹಿತ್ತಲಲ್ಲಿ ಸುಡುತ್ತ ಕೂತಳು. ಅವಳು ಮುದ್ದೇಬಿಹಾಳದಲ್ಲಿ ಟೀಚರು. ಸಾಲೆಯ ಗ್ಯಾದರಿಂಗಿಗೆ ನಾಟಕ ಬರೆಯುತ್ತಿದ್ದಳು. ಒಂದು ಕೈಯಲ್ಲಿ ತೆನೆ, ಇನ್ನೊಂದರಲ್ಲಿ ನೋಟುಬುಕ್ಕು.

"ಆಯಿ, ಮೋರಟಗಿ ಕಡೆ ಹಿಂದಕ ಒಬ್ಬ ಗೌಡನ ಖೂನಿ ಆಗಿತ್ತಂತ. ಡಪ್ಪಿನ ಮ್ಯಾಳದವರು ಹಾಡ್ತಾರಲ್ಲ, ಅದನ್ನ ನಾಟಕ ಮಾಡಾಕತ್ತೇನಿ. ಕೇಳಿಲ್ಲಿ."

ಓದಿದಳು. ಗಂಗಿ ಎಂಬ ಹೆಂಗಸಿಗೆ ಗೌಡನ ಮೇಲೆ ಕಣ್ಣು. ಅದು ತಿಳಿದು ಗಂಡ ಗೌಡನನ್ನು ಕಡಿದ. ಗಂಗಿ ಆ ಗಂಡನನ್ನು ಫೌಜದಾರನಿಗೆ ಹಿಡಿದುಕೊಟ್ಟಳು.

"ಕಡೀ ಸೀನಿನ್ಯಾಗ ಹುಡುಗ್ಯಾರೆಲ್ಲ ಆಕಿ ಮಾರಿಗೆ ಉಗುಳ್ತಾರ. ಭಾರೀ ಐತಿಲ್ಲೋ?"

ಬಾಯಿಯಲ್ಲಿದ್ದ ಕಾಳು ಬಾಯಲ್ಲೇ ಉಳಿಯಿತು. ಗಂಗವ್ವ ನನ್ನ ಗಂಡನ ಅಜ್ಜಿ. ಹುಡುಗಿ ಉಗುಳಿಸಲು ಹೊರಟಿದ್ದು ತನ್ನದೇ ಮನೆತನದ ಹಿರಿಯಳಿಗೆ. ತಪ್ಪು ಅವಳದಲ್ಲ. ಮನೆಯಲ್ಲಿ ನಾವು ಯಾರೂ ಬಾಯಿ ಬಿಟ್ಟಿರಲಿಲ್ಲ.

ನಾನು ಮದುವೆಯಾಗಿ ಬಂದಾಗ ಗಂಗವ್ವನಿಗೆ ಹಲ್ಲಿರಲಿಲ್ಲ, ಗತ್ತು ಇತ್ತು. ನಾನು ಎರಡನೇ ಇಯತ್ತೆ ಕಲಿತವಳೆಂದು ಗೊತ್ತಾದ ದಿನದಿಂದ ನನ್ನನ್ನು "ವಕೀಲಿ" ಎಂದೇ ಕರೆದಳು. "ಏ ವಕೀಲಿ, ಹಿತ್ತಲಾಗ ಬಿಳಿ ಹೂವು ಅರಳ್ಯಾವ, ಹರಕೊಂಬಾ." ಬಿಳಿ ಹೂವು ಎಂದರೆ ಯಾವುದು ಎಂದು ನಾನು ಮೊದಲ ದಿನ ಕೇಳಿ ಬೈಸಿಕೊಂಡೆ. ಹೆಂಗಸರು ಮುಡಿಯುವ ಘಮಘಮ ಹೂವು, ಇನ್ಯಾವುದು? ಅದರ ಹೆಸರಿನ ಮೊದಲಿನ ಸದ್ದು ಅವಳ ಗಂಡನ ಹೆಸರಿನಲ್ಲಿತ್ತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಆ ಹೆಸರನ್ನೇ ಮೊಮ್ಮಗನಿಗೆ, ಅಂದರೆ ನನ್ನ ಗಂಡನಿಗೆ, ಇಟ್ಟಿದ್ದರು. ಹಾಗಾಗಿ ನನ್ನ ಬಾಯಿಗೂ ಬೀಗ. ರೇಷನ್ ಕಾರ್ಡು ಬರೆಯಲು ಬಂದವನು ಗಂಡನ ಹೆಸರು ಕೇಳಿದಾಗ ನಾನು ಹಿತ್ತಲಿನ ಬಳ್ಳಿ ತೋರಿಸಿ "ಆ ಹೂವಿನದು ನೋಡ್ರಿ" ಎಂದೆ. ಅವನು ಹೂವಪ್ಪ ಎಂದು ಬರೆದುಕೊಂಡು ಹೋದ. ಎರಡು ವರ್ಷ ಹೂವಪ್ಪನ ಹೆಂಡತಿಯಾಗಿ ಸಕ್ಕರೆ ತಂದೆ.

ನೀವು ನಗಬಹುದು. ನಾನೂ ನಕ್ಕಿದ್ದೇನೆ. ಗಂಗವ್ವ ನಗಲಿಲ್ಲ. ಆ ಸುಗ್ಗಿಯಲ್ಲೇ, ಇಬ್ಬರೂ ಸೀತನಿ ತಿಕ್ಕುತ್ತ ಕೂತಿದ್ದಾಗ, ತಾನಾಗಿ ಹೇಳಿದಳು.

ಆ ದಿನ ಗೌಡನ ಹೊಲದಲ್ಲಿ ಸೀತನಿ ಊಟ. ಗಂಗವ್ವ ಮತ್ತು ಅವಳ ನೆಗೆಣ್ಣಿ ಶಿವವ್ವ ಮಜ್ಜಿಗೆ, ಬೆಲ್ಲ, ಶೇಂಗಾ ಹಿಂಡಿ ಹೊತ್ತು ಹೋಗಿದ್ದರು. ಇಬ್ಬರ ಗಂಡಂದಿರೂ ಅಣ್ಣತಮ್ಮಂದಿರ ಮಕ್ಕಳು. ಇಬ್ಬರಿಗೂ ಒಬ್ಬನೇ ಅಜ್ಜನ ಹೆಸರು. ಅದಕ್ಕೇ ಊರವರು ಗಂಗವ್ವನ ಗಂಡನನ್ನು ದೊಡ್ಡವ, ಶಿವವ್ವನ ಗಂಡನನ್ನು ಸಣ್ಣವ ಎಂದು ಕರೆಯುತ್ತಿದ್ದರು. ಜೋಳ ಆಳೆತ್ತರ ನಿಂತಿತ್ತು. ಗೌಡ ಶಿವವ್ವನ ಕೈ ಹಿಡಿದು ಜೋಳದೊಳಗೆ ಎಳೆದ. ಸಣ್ಣವ ಅದನ್ನು ಕಂಡ. ಕೈಯಲ್ಲಿ ಕುಡುಗೋಲಿತ್ತು. ಅಷ್ಟೇ.

ಜೋಳದಿಂದ ಹೊರಗೆ ಓಡಿದವನನ್ನು ಗಂಗವ್ವ ನೋಡಿದ್ದಳು. ಫೌಜದಾರ ಬಂದ, ಜತೆಗೆ ಬರೆದುಕೊಳ್ಳಲು ದೂರದೂರಿನ ಕಾರಕೂನ.

"ಯಾರನ್ನ ನೋಡಿದಿ?"

"ನಮ್ಮ ಮನಿಯವರ ಹೆಸರಿನವರನ್ನರಿ."

ಕಾರಕೂನ 'ನಮ್ಮ ಮನೆಯವರನ್ನು' ಎಂದು ಬರೆದ. ಗಂಗವ್ವ ಹೆಬ್ಬೆಟ್ಟು ಒತ್ತಿದಳು. ಖೂನಿ ಆದಾಗ ಬೆಂಕಿಯ ಮುಂದೆ ತೆನೆ ತಿರುಗಿಸುತ್ತ ಕೂತಿದ್ದ ದೊಡ್ಡವರ ಕೈಗೆ ಹಗ್ಗ ಬಿತ್ತು. ಅವರು ನಾನಲ್ಲ ಎಂದರೆ ಯಾರು ಕೇಳುತ್ತಾರೆ? ಹೆಂಡತಿಯದೇ ಹೆಬ್ಬೆಟ್ಟು. ಆಗ ಗಂಗವ್ವ ಬಾಯಿ ಬಡಿದುಕೊಂಡು ಓಡಿದಳು.

"ಅವರಲ್ಲರಿ ಸಾಹೇಬ್ರ! ಅವರ ಹೆಸರಿನವರು!"

"ಹೌದವಾ, ಅವರ ಹೆಸರಿನವನ್ನ ಒಯ್ಯಾಕತ್ತೇವಿ."

ದೊಡ್ಡವರು ಜೈಲಿನಲ್ಲೇ ತೀರಿಕೊಂಡರು.

ನಾನು ಸುಮ್ಮನಿರುವ ಜಾತಿಯವಳಲ್ಲ. ಕೇಳಿಯೇಬಿಟ್ಟೆ. "ಅಮ್ಮಾ, ಹೆಸರ್ಯಾಕ ಬೇಕಿತ್ತು? ಶಿವವ್ವನ ಗಂಡ ಅಂದಿದ್ರ ಮುಗೀತಿತ್ತಲ್ಲ?"

ಅವಳ ಅಂಗೈ ನಿಂತಿತು. "ನಿನಗ ವಕೀಲಿ ಅಂತ ಹೆಸರಿಟ್ಟಿದ್ದು ಸುಳ್ಳಾಗಲಿಲ್ಲ ನೋಡು. ಶಿವಿ ನನ್ನ ಸೆರಗ ಹಿಡಕೊಂಡು ನಿಂತಿದ್ಲು. ಕುಪ್ಪಸ ಹರಿದಿತ್ತು. ಬಗಲಾಗ ಕೂಸು. ಹೆಂಗ ಅನ್ಲಿ? ನಮ್ಮವರದೇನೂ ತಪ್ಪಿಲ್ಲ, ಸಂಜೀಕ ಬಿಡ್ತಾರ ಅಂತ ತಿಳದಿದ್ನಿ." ಹೊಟ್ಟು ಊದಿದಳು. "ಆ ಸಂಜೀ ಇನ್ನೂ ಆಗಿಲ್ಲ."

ಶಿವವ್ವ ಸಾಯುವ ತನಕ ಪ್ರತಿ ವರ್ಷ ಒಂದು ಬುಟ್ಟಿ ಸೀತನಿ ತಂದು ಕಟ್ಟೆಯ ಮೇಲಿಟ್ಟು ಮಾತಾಡದೆ ಹೋಗುತ್ತಿದ್ದಳಂತೆ. "ತಿಂತಿದ್ರೇನು?" ಎಂದೆ. "ತಿಂತಿದ್ನಿ. ಹೊಟ್ಟಿಗೇನ ಗೊತ್ತ?" ಎಂದಳು. ಗಂಡನನ್ನು ಕಳೆದುಕೊಂಡ ಗೌಡತಿ ಒಮ್ಮೆ ಬಾವಿಯ ಹತ್ತಿರ, ಊರ ಹೆಂಗಸರೆಲ್ಲ ಮುಖ ತಿರುಗಿಸಿ ನಿಂತಿದ್ದಾಗ, ತನ್ನ ಹಗ್ಗ ಮುಂದೆ ಹಿಡಿದು "ನೀ ಮೊದಲ ಸೇದ, ಗಂಗಾ" ಅಂದಿದ್ದಳಂತೆ. ತನ್ನ ಗಂಡ ಎಂಥವನೆಂದು ಆಕೆಗೆ ಗೊತ್ತಿತ್ತು. ಡಪ್ಪಿನ ಹಾಡಿನಲ್ಲಿ ಆ ಹಗ್ಗವೂ ಬರುವುದಿಲ್ಲ, ಬುಟ್ಟಿಯೂ ಬರುವುದಿಲ್ಲ.

ಇಷ್ಟನ್ನೂ ಸುಜಾತಾಳಿಗೆ ಹೇಳಿದೆ. ತೆನೆ ಕರಕಲಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಹುಡುಗಿ ಮೂಗು ಒರೆಸಿಕೊಂಡು ಗರಗರ ಬರೆದಳು. ನಾನು ನೋಟುಬುಕ್ಕು ಇಸಿದುಕೊಂಡು, ಎರಡನೇ ಇಯತ್ತೆಯ ವೇಗದಲ್ಲಿ, ಬೆರಳಿಟ್ಟು ಓದಿದೆ.

ಗಂಗವ್ವ: ನಮ್ಮ ಮನೆಯವರನ್ನು ನೋಡಿದೆ.

"ಇದೇನ ಬರದೀ?"

"ಮನಿಯವರ ಹೆಸರಿನವರು ಅಂದ್ರ ಸ್ಟೇಜಿನ ಮ್ಯಾಲ ಯಾರಿಗೂ ತಿಳಿಯೂದಿಲ್ಲ, ಆಯಿ. ಗಿಡ್ಡ ಮಾಡೀನಿ."

"ಆ ಕಾರಕೂನನೂ ಗಿಡ್ಡ ಮಾಡಿದ್ದ."

ಅವಳು ಪೆನ್ನು ಎತ್ತಿ ನನ್ನನ್ನೇ ನೋಡಿದಳು. "ಹಂಗಾರ ಹೆಸರ ಹೇಳು. ನಿನ್ನ ಬಾಯಿಂದ ಬಂದಂಗ ಬರೀತೇನಿ."

ಅವಳಿಗೆ ತನ್ನ ಅಜ್ಜನ ಹೆಸರು ಗೊತ್ತಿತ್ತು. ಆದರೂ ನನ್ನಿಂದಲೇ ಕೇಳಿದಳು, ಹಟಮಾರಿ. ಗೋಡೆಯ ಫೋಟೋದಲ್ಲಿ ನಮ್ಮವರು ರುಮಾಲು ಸುತ್ತಿಕೊಂಡು ಕೂತಿದ್ದರು. ಸತ್ತ ಮೇಲೂ ಅವರ ಹೆಸರು ನನ್ನ ನಾಲಿಗೆಗೆ ಬಂದಿರಲಿಲ್ಲ. ಅಂಗೈಯಲ್ಲಿ ಉಳಿದಿದ್ದ ಹೊಟ್ಟು ಊದಿದೆ.

"ಮಲ್ಲಪ್ಪ," ಎಂದೆ. "ಸಣ್ಣ ಮಲ್ಲಪ್ಪ, ಶಿವವ್ವನ ಗಂಡ. ಓಡಿದಾಂವ ಅಂವ. ದೊಡ್ಡ ಮಲ್ಲಪ್ಪ ಬೆಂಕೀ ಮುಂದ ಕುಂತಿದ್ರು. ಬರಿ. ಗಿಡ್ಡ ಮಾಡಬ್ಯಾಡ."

ಬರೆದಳು. ಫೋಟೋ ಕೆಳಗೆ ಬೀಳಲಿಲ್ಲ.

"ಉಗುಳೂ ಸೀನು?" ಎಂದೆ.

"ಹೊಡದ ಹಾಕೇನಿ. ಅಲ್ಲೆ ಬಾವಿ ಹಾಕತೇನಿ. ಗೌಡತಿ ಹಗ್ಗ ಕೊಡ್ತಾಳ."

ನಿನ್ನೆ ಸಂಜೆ ಹೂ ಮಾರುವವಳು ಬುಟ್ಟಿ ಹೊತ್ತು ನಮ್ಮ ಬಾಗಿಲ ಮುಂದೆ ಹಾದಳು. ಎಷ್ಟೋ ವರ್ಷಗಳಿಂದ ನಾನು ಅವಳನ್ನು ಕರೆಯುವುದು "ಏ ಬಿಳಿ ಹೂವಿನಾಕಿ" ಎಂದೇ. ನಿನ್ನೆ, "ಏ ಮಲ್ಲಿಗಿಯಾಕಿ, ನಿಂದರ" ಎಂದು ಕೂಗಿದೆ.

ಇನ್ಯಾರನ್ನೋ ಕರೆದರೆಂದು ಅವಳು ಹಿಂದೆ ತಿರುಗಿ ನೋಡಿದಳು.