ಒಫೇಲಿಯಾ ಹಾಕಿದ ಬೀಗ

ಬೇಲಿಯ ಆಚೆ ಜಾಕ್ ಏರುವ ಸದ್ದು ನಮ್ಮ ಬೀದಿಯ ಎಲ್ಲ ಅಡುಗೆಮನೆಗಳಿಗೂ ಕೇಳುತ್ತದೆ. ಮೊದಲು ಗಾಳಿಯ ಪೈಪಿನ ಸೀಟಿ, ಆಮೇಲೆ ಮೋಟಾರಿನ ದಪ್ಪ ಗೊಣಗಾಟ, ಕೊನೆಗೆ ವ್ಯಾಗನ್ನಿನ ಮೈ ತನ್ನ ಗಾಲಿಗಳನ್ನು ಬಿಟ್ಟು ಮೇಲೇಳುವಾಗ ಒಂದು ನಿಟ್ಟುಸಿರು. ಕ್ಯಾನ್ಸಸ್ಸಿನ ಈ ಊರಿನಲ್ಲಿ ರೈಲು ರಿಪೇರಿಯ ಅಂಗಳಕ್ಕೂ ನಮ್ಮ ಮನೆಗಳಿಗೂ ನಡುವೆ ಇರುವುದು ಒಂದು ತಂತಿ ಬೇಲಿ ಅಷ್ಟೆ. ಕೇಳಿ ಕೇಳಿ ನಮಗೆ ಆ ಸದ್ದು ಸದ್ದೇ ಅಲ್ಲ. ಒಫೇಲಿಯಾ ಬ್ಯಾರಿಯೆಂಟೋಸ್ ಮಾತ್ರ ರಜೆಯ ದಿನವೂ ಕಾವಲಿಯ ಮೇಲಿನ ತೋರ್ತಿಯಾ ರೊಟ್ಟಿ ಮಗುಚುವುದನ್ನು ನಿಲ್ಲಿಸಿ, "ಇದ್ಯಾಕೋ ಉಬ್ಬಸ ಪಡ್ತಿದೆ. ಪೈಪಲ್ಲಿ ನೀರು ಕೂತಿದೆ," ಎನ್ನುತ್ತಾಳೆ.

ಆ ಜಾಕ್‌ಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಸೊಂಟದೆತ್ತರದ, ಗಾಲಿ ಇರುವ ಕಬ್ಬಿಣದ ದಿಮ್ಮಿಗಳು. ಗಾಳಿ ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಕಂಬವನ್ನು ಎತ್ತುತ್ತದೆ, ಕಂಬ ವ್ಯಾಗನ್ನನ್ನು. ಕಂಬದ ಸುತ್ತ ನಟ್ಟಿನ ಹಾಗೆ ಥ್ರೆಡ್ ಇರುವ ದಪ್ಪ ಉಂಗುರವೊಂದಿದೆ. ಎತ್ತಿದ ಮೇಲೆ ಅದನ್ನು ಕೆಳಗೆ ತಿರುಗಿಸಿ ಬಿಗಿದರೆ, ಎಣ್ಣೆ ಸೋರಿದರೂ ಭಾರ ಉಂಗುರದ ಮೇಲೆ ನಿಲ್ಲುತ್ತದೆ. ಅವಳು ಬೆಳಿಗ್ಗೆ ಪೈಪುಗಳ ನೀರು ಇಳಿಸುತ್ತಾಳೆ, ಎಣ್ಣೆ ಸೋರದಂತೆ ತಡೆಯುವ ಸೀಲ್ ಸೋತಿದ್ದರೆ ಬದಲಿಸುತ್ತಾಳೆ, ಉಂಗುರದ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜುತ್ತಾಳೆ. ಆಮೇಲೆ ಜಾಕನ್ನು ಪರೀಕ್ಷೆಗೆಂದೇ ಇರುವ ಉಕ್ಕಿನ ಚೌಕಟ್ಟಿನ ಕೆಳಗೆ ಭಾರಕ್ಕೆ ಒಡ್ಡಿ, ಕಂಬದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎದುರಿಗೆ ಕೂತು ಕಾಫಿ ಕುಡಿಯುತ್ತಾಳೆ. ಕಾಫಿ ಮುಗಿಯುವುದರೊಳಗೆ ಗೆರೆ ಇಳಿದರೆ, ಯಾರೂ ಅದನ್ನು ಬಳಸದ ಹಾಗೆ, ಗಾಳಿಯ ಪೈಪು ಸೇರುವ ಬಾಯಿಗೆ ತನ್ನ ಬೀಗ ಹಾಕುತ್ತಾಳೆ.

ಅಂಗಳದ ಪ್ರತಿಯೊಬ್ಬರಿಗೂ ಸ್ವಂತ ಬೀಗವಿದೆ. ಅವಳವು ಉಗುರು ಬಣ್ಣ ಬಳಿದ ಕಡುಗೆಂಪು ಬೀಗಗಳು. ಹಾಕಿದವರೇ ತೆಗೆಯಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಒಮ್ಮೆ ಡೆಲ್ಬರ್ಟ್ ಎಂಬ ಹಿರಿಯ ಕೆಲಸಗಾರ ತನ್ನ ಬೀಗ ತೆಗೆಯದೆ ಮೊಮ್ಮಗಳ ನಾಮಕರಣಕ್ಕೆ ಹೊರಟುಹೋಗಿದ್ದ. ಅವನನ್ನು ಚರ್ಚಿನಿಂದ ಕೋಟು ಸಮೇತ ಕರೆತಂದು ತೆಗೆಸಿದ್ದರು. ಬೀಗದ ಕೆಳಗೆ ಯಾರದೋ ಕೈಯೋ ಕಾಲೋ ಇದೆ ಎಂದುಕೊಳ್ಳುವುದು ಇಲ್ಲಿಯವರ ನಡೆ.

ಫೋರ್‌ಮನ್ ಶ್ರೇಡರ್ ಆ ನಡೆಯನ್ನು ಮುರಿದ. ಒಂದು ಚಳಿಗಾಲ ಉಂಗುರ ಸವೆದ ಜಾಕೊಂದಕ್ಕೆ ಒಫೇಲಿಯಾ ಬೀಗ ಹಾಕಿ ಮನೆಗೆ ಬಂದಿದ್ದಳು. ವ್ಯಾಗನ್‌ಗಳು ಸಾಲುಗಟ್ಟಿ ನಿಂತಿದ್ದವು. ಮುಂದಿನ ಪಾಳಿಗೆ ಬಂದ ಅವಳ ತಮ್ಮ ಅನ್ಸೆಲ್ಮೋಗೆ ಶ್ರೇಡರ್ ಆ ಜಾಕನ್ನೇ ತೋರಿಸಿ, "ನಿಮ್ಮಕ್ಕ ರಿಪೇರಿ ಮಾಡಿಟ್ಟಿದಾಳೆ, ತಗೋ," ಎಂದ. ಅಕ್ಕ ಮಾಡಿದ್ದು ಎಂದ ಮೇಲೆ ಅನ್ಸೆಲ್ಮೋ ಉಂಗುರವನ್ನು ನೋಡಲೂ ಇಲ್ಲ. ವ್ಯಾಗನ್ ಕುಸಿದು ಕೂತಾಗ ಅವನ ಎಡಗಾಲು ಅದರ ಕೆಳಗಿತ್ತು. ಮೊಣಕಾಲಿನಿಂದ ಕೆಳಗೆ ಏನೂ ಉಳಿಯಲಿಲ್ಲ.

ವಿಚಾರಣೆಯಲ್ಲಿ ಶ್ರೇಡರ್, "ಬೀಗ ಇರಲೇ ಇಲ್ಲ," ಎಂದ. ಒಫೇಲಿಯಾಳ ಬೀಗ ಎಲ್ಲೂ ಸಿಗಲಿಲ್ಲ. ಬೀದಿಯಲ್ಲಿ ಕೆಲವರು, ಪಾಪ, ದಣಿದಿದ್ದಳು, ಮರೆತಿರಬೇಕು ಎಂದರು. ಅವಳು ಅದನ್ನು ನುಂಗಿಕೊಂಡಳು. ಆಸ್ಪತ್ರೆಯ ಮಂಚದಲ್ಲಿ ತಮ್ಮ, "ಅಕ್ಕ, ಬೇಜಾರು ಮಾಡ್ಕೋಬೇಡ. ನಿಜವಾಗ್ಲೂ ಬೀಗ ಹಾಕಿದ್ಯಾ?" ಎಂದು ಕೇಳಿದ್ದು ಮಾತ್ರ ಗಂಟಲಿನಿಂದ ಕೆಳಗಿಳಿಯಲಿಲ್ಲ.

"ಹಾಕಿದ್ದೆ ಅಂತ ನಾನು ಹೇಳಲ್ಲ," ಎಂದಳಂತೆ. "ಅವನ ಬಾಯಲ್ಲೇ ಹೇಳಿಸ್ತೀನಿ."

ಅವಳ ಸೇಡು ಉರಿಯುವಂಥದ್ದಾಗಿರಲಿಲ್ಲ. ಜಾಕಿನೊಳಗಿನ ಎಣ್ಣೆಯ ಹಾಗಿತ್ತು. ಎಷ್ಟು ಒತ್ತಿದರೂ ಕುಗ್ಗದ್ದು. ಒಂದು ದಿನ ಶ್ರೇಡರ್ ಬೋಲ್ಟು ನೋಡಲೆಂದು ಎತ್ತಿದ ವ್ಯಾಗನ್ನಿನ ಕೆಳಗೆ ಬಗ್ಗಿದ್ದ, ಉಂಗುರ ಇನ್ನೂ ಬಿಗಿದಿರಲಿಲ್ಲ, ಎಣ್ಣೆ ಬಿಡುವ ತಿರುಪು ಅವಳ ಕೈಯಲ್ಲೇ ಇತ್ತು. ಅವನು ಎದ್ದು ಬರುವವರೆಗೂ ಆ ಕೈ ಅಲ್ಲಿಯೇ ಇತ್ತು. ಸಂಜೆ ನನ್ನ ಅಮ್ಮನಿಗೆ ಇದನ್ನು ಹೇಳಿ, "ಕೆಳಗೆ ಬಿದ್ದಿರೋನು ನನಗೆ ಬೇಡ ಕಣೇ. ನಿಂತಿರ್ಬೇಕು, ನೆಟ್ಟಗೆ, ಎಲ್ಲರ ಮುಂದೆ," ಎಂದಳು. ಅಮ್ಮ ಅವಳ ಬಟ್ಟಲಿಗೆ ಇನ್ನಷ್ಟು ಬೀನ್ಸ್ ಕಾಳು ಬಡಿಸಿದಳು.

ಅವಳು ಮಾಡಿದ್ದು ಇಷ್ಟೇ: ತೇಪೆ ಹಾಕುವುದನ್ನು ನಿಲ್ಲಿಸಿದಳು. ಹೊಸ ಸೀಲ್ ಬೇಕೆಂದರೆ ಶ್ರೇಡರ್ ಯಾವಾಗಲೂ, "ಹೇಗೋ ಮಾಡು," ಎನ್ನುತ್ತಿದ್ದ. ಇಷ್ಟು ವರ್ಷ ಅವಳು ಹಳೆಯ ಜಾಕಿನ ಸೀಲ್ ಬಿಚ್ಚಿ ಇನ್ನೊಂದಕ್ಕೆ ಕೂರಿಸಿ, ಸವೆದ ಉಂಗುರಗಳನ್ನು ಅದಲುಬದಲು ಮಾಡಿ ಅಂಗಳವನ್ನು ನಡೆಸಿದ್ದಳು. ಈಗ ಹೊಸದು ಬೇಕೆಂದು ಕೇಳಿ, ಹಳೆಯದಕ್ಕೆ ಕೈ ಹಾಕದೆ ಬಿಟ್ಟಳು. ಗೋಧಿಯ ಸುಗ್ಗಿ ಬಂತು. ವ್ಯಾಗನ್‌ಗಳು ಸಿದ್ಧವಾಗಿವೆಯೇ ಎಂದು ನೋಡಲು ಮೇಲಧಿಕಾರಿಗಳು ಮಧ್ಯಾಹ್ನ ಬರುತ್ತಾರೆ ಎಂಬ ದಿನ, ಬೆಳಗಿನಿಂದ ಒಂದೊಂದೇ ಜಾಕನ್ನು ಚೌಕಟ್ಟಿನ ಕೆಳಗಿಟ್ಟಳು. ಒಂದೊಂದರ ಗೆರೆಯೂ ಇಳಿಯಿತು.

ಶ್ರೇಡರ್ ಬಂದಾಗ ಗೋಡೆಯುದ್ದಕ್ಕೂ ನಿಂತ ಜಾಕ್‌ಗಳ ಬಾಯಲ್ಲೆಲ್ಲ ಕಡುಗೆಂಪು ಬೀಗ.

"ಏನಿದು?"

"ಬೀಗ."

"ಅದು ಕಾಣ್ತಿದೆ. ಎಲ್ಲದಕ್ಕೂ ಯಾಕೆ?"

"ಯಾವುದೂ ಭಾರ ಹಿಡೀತಿಲ್ಲ. ನೀವೇ ಕೂತು ನೋಡಿ. ಕಾಫಿ ನಾನು ಕೊಡ್ತೀನಿ."

"ನಿನ್ನೆ ತನಕ ನಡೀತಿದ್ವಲ್ಲ?"

"ನಿನ್ನೆ ತನಕ ನಾನು ನಡೆಸ್ತಿದ್ದೆ."

ಕೆಲಸ ಬಿಟ್ಟು ಎಲ್ಲರೂ ಹತ್ತಿರ ಬಂದಿದ್ದರು. ಡೆಲ್ಬರ್ಟ್ ಕೈ ಒರೆಸಿಕೊಳ್ಳುತ್ತ, "ಶ್ರೇಡರ್, ನಿಮ್ಮ ಗಾಡೀಲಿ ಕಬ್ಬಿಣ ಕತ್ತರಿಸೋ ಆ ಉದ್ದ ಹಿಡಿ ಕತ್ತರಿ ಇದ್ಯಲ್ಲ, ತಂದ್ಕೊಡ್ಲಾ? ಈ ಸಲ ನಾವೆಲ್ಲ ಇದೀವಿ, ನೋಡಿದ ಹಾಗಾಗುತ್ತೆ," ಎಂದ. ಯಾರೋ ನಕ್ಕರು. ಒಫೇಲಿಯಾ ನಗಲಿಲ್ಲ.

"ಎರಡಾದ್ರೂ ತೆಗಿ," ಶ್ರೇಡರ್ ದನಿ ತಗ್ಗಿಸಿದ. "ಅವರು ಬರೋ ಹೊತ್ತಾಯ್ತು."

"ಅನ್ಸೆಲ್ಮೋ ಕಾಲು ತಿಂದ ಜಾಕಿನ ಬೀಗ ಏನಾಯ್ತು, ಮೊದಲು ಅದನ್ನ ಹೇಳಿ. ಇವುಗಳ ಮಾತು ಆಮೇಲೆ."

ಬೇಲಿಯ ಬಳಿ ಅನ್ಸೆಲ್ಮೋ ಬಂದು ನಿಂತಿದ್ದ. ಅಕ್ಕನ ಊಟದ ಡಬ್ಬಿ ತರುವುದು ಈಗ ಅವನ ಕೆಲಸ. ಕೃತಕ ಕಾಲನ್ನು ಸ್ವಲ್ಪ ಪಕ್ಕಕ್ಕೆ ಚಾಚಿ, ತಂತಿ ಹಿಡಿದು ನೋಡುತ್ತಿದ್ದ. ಶ್ರೇಡರ್ ಅವನನ್ನು ಕಂಡ, ಗೇಟಿನ ಕಡೆ ನೋಡಿದ, ಗಡಿಯಾರ ನೋಡಿಕೊಂಡ.

"ನಾನೇ ಕತ್ತರಿಸಿದ್ದು."

"ಡೆಲ್ಬರ್ಟಣ್ಣನಿಗೆ ಕೇಳಿಸ್ತು. ಬೇಲಿ ಹತ್ರ ಇರೋನಿಗೆ ಕೇಳಿಸ್ಲಿಲ್ಲ."

"ಬೀಗ ಇತ್ತು. ನಾನೇ ಕತ್ತರಿಸ್ದೆ," ಈ ಸಲ ದನಿ ಒಡೆದಿತ್ತು. "ಕೆರೇಲಿ ಎಸೆದೆ. ಸಾಕಾ?"

ಅನ್ಸೆಲ್ಮೋ ತಂತಿಗೆ ಹಣೆ ಒತ್ತಿ ನಿಂತ. ಒಫೇಲಿಯಾ ಕೈಚೀಲ ತೆಗೆದು ಭುಜಕ್ಕೆ ಹಾಕಿಕೊಂಡಳು.

"ಈಗ ತೆಗಿ," ಎಂದ ಶ್ರೇಡರ್.

"ಏನನ್ನ?"

"ಬೀಗಗಳನ್ನ. ಹೇಳಿದ್ನಲ್ಲ."

"ಹೇಳಿದ್ರಿ. ಹೇಳಿದ್ರೆ ತೆಗೀತೀನಿ ಅಂತ ನಾನಂದ್ನಾ?" ಅವಳ ಮುಖದಲ್ಲಿ ಆಗ ಬಂದದ್ದು ನಗುವಲ್ಲ ಎಂದು ಡೆಲ್ಬರ್ಟ್ ಆಮೇಲೆ ಹೇಳುತ್ತಿದ್ದ. "ನಾನು ಸುಳ್ಳು ಬೀಗ ಹಾಕೋಳಲ್ಲ ಶ್ರೇಡರ್. ಸೀಲ್ ಇಲ್ಲ, ಉಂಗುರ ಇಲ್ಲ. ಇದನ್ನ ತೆಗೆದ್ರೆ ಇನ್ಯಾರದೋ ಕಾಲು ಹೋಗುತ್ತೆ."

ಗೇಟಿನ ಆಚೆ ಕಾರಿನ ಧೂಳು ಎದ್ದಿತು.

"ಅವರಿಗೆ ನಾನೇನು ಹೇಳ್ಲಿ?"

"ಈಗ ಹೇಳಿದ್ದನ್ನೇ ಹೇಳಿ. ಬಾಯಿ ಪಳಗಿದೆ."

ಅವಳು ಬೇಲಿಯ ಚಿಕ್ಕ ಬಾಗಿಲಿನಿಂದ ಬೀದಿಗೆ ದಾಟಿದಳು. ಅನ್ಸೆಲ್ಮೋ ಡಬ್ಬಿ ಚಾಚಿ, "ಅಕ್ಕ, ಅವತ್ತು ನಾನು ಹಾಗೆ ಕೇಳಬಾರದಿತ್ತು," ಎಂದ. ಅವಳು ಡಬ್ಬಿ ತೆಗೆದುಕೊಂಡಳು, ಆ ಮಾತನ್ನು ತೆಗೆದುಕೊಳ್ಳಲಿಲ್ಲ. ತಮ್ಮನ ಭುಜದ ಮೇಲಿಂದ ಅಂಗಳದ ಕಡೆಗೆ, "ಡೆಲ್ಬರ್ಟಣ್ಣ, ಸೀಲ್ ಬಂದ್ರೆ ಬೇರೆಯವರ ಕೈಗೆ ಕೊಡ್ಬೇಡ, ನಾಳೆ ನಾನೇ ಬಂದು ಮೊದಲು ಆ ಸವೆದ ಉಂಗುರಗಳನ್ನ ಬಿಚ್ಚಿ, ಒಂದೊಂದನ್ನೂ ಶ್ರೇಡರ್ ಮೇಜಿನ ಮೇಲೆ ಇಡ್ತೀನಿ," ಎನ್ನುತ್ತ ಆಗಲೇ ಮನೆಯ ಕಡೆ ಹೊರಟಿದ್ದಳು, ಹಿಂದೆ ತಮ್ಮ, ಅವಳ ಹೆಜ್ಜೆಯ ಜೊತೆ ಹೆಜ್ಜೆ ಕೂಡಿಸಲು ಕೃತಕ ಕಾಲನ್ನು ಬೇಗ ಬೇಗ ಎತ್ತಿಡುತ್ತ.