ಖಾಲಿ ಡಬ್ಬಿ ವಾಪಸ್ ಕೊಡೋದಾ?

ವೆಬ್‌ಸೈಟ್ ರಿಪೇರಿ ನನ್ನ ಕಸುಬು. ಮಾರ್ಗನ್ ಹಿಲ್ ಎಂಬ ಊರಲ್ಲಿ ಹೋಳಿಗೆ ಮಾಡಿ ಮಾರುವ ಶಾರದಾ ಆಂಟಿ ಗೌರಿ ಹಬ್ಬ ಹತ್ತಿರ ಬಂದಾಗ ಫೋನ್ ಮಾಡಿದರು. "ಹೋಳಿಗೆ ಅಂತ ಹುಡುಕಿದ್ರೆ ನನ್ನ ಸೈಟೇ ಕಾಣಲ್ಲ. ಒಂದು ಆರ್ಡರೂ ಇಲ್ಲ, ಬಂದು ನೋಡಪ್ಪ."

ಹೋಗಿ ನೋಡಿದರೆ ಹೋಳಿಗೆ ಫೋಟೋದ ಕೆಳಗೆ ಹಲ್ಲಿನ ಡಾಕ್ಟರು, ಸೂರು ರಿಪೇರಿಯವರು, ನಾಯಿಗೆ ಸ್ನಾನ ಮಾಡಿಸುವವರು, ಎಲ್ಲರ ಸೈಟಿಗೂ ಲಿಂಕು!

"ಇದೇನಾಂಟಿ?"

"ಅವ್ರು ಅವ್ರ ಸೈಟಲ್ಲಿ ನನ್ನ ಲಿಂಕು ಹಾಕಿದ್ರು. ಪಕ್ಕದ ಮನೆಯವ್ರು ಡಬ್ಬೀಲಿ ಏನಾದ್ರೂ ಕೊಟ್ರೆ ಖಾಲಿ ಡಬ್ಬಿ ವಾಪಸ್ ಕೊಡ್ತೀವಾ?"

"ಸರ್ಚ್ ಎಂಜಿನ್ನಿಗೆ ಇದು ಒಬ್ಬರನ್ನೊಬ್ಬರು ಹೊಗಳಿಕೊಳ್ಳೋ ಒಳಒಪ್ಪಂದ ಅನ್ಸತ್ತೆ. ಅದಕ್ಕೇ ನಿಮ್ಮನ್ನ ಹಿಂದೆ ತಳ್ಳಿದೆ."

"ಹಾಗಾದ್ರೆ ಅದಕ್ಕೆ ಸಂಸ್ಕಾರ ಇಲ್ಲ" ಅಂದುಬಿಟ್ಟರು.

ಒಂದು ಗಂಟೆ ವಾದ ಮಾಡಿ ಎಲ್ಲ ಲಿಂಕೂ ತೆಗೆಸಿದೆ. ಹೊರಡುವಾಗ ಸ್ಟೀಲ್ ಡಬ್ಬಿ ತುಂಬ ಹೋಳಿಗೆ ಕೊಟ್ಟು ಕಳಿಸಿದರು.

ಹೋಳಿಗೆ ಎರಡೇ ದಿನಕ್ಕೆ ಖಾಲಿ. ಡಬ್ಬಿ ಮಾತ್ರ ಮೂರು ವಾರದಿಂದ ನನ್ನನ್ನೇ ನೋಡುತ್ತಿತ್ತು. ಅಡುಗೆ ಬಾರದ ನಾನು ಅದರಲ್ಲಿ ಏನು ಹಾಕಿ ಕೊಡಲಿ? ಕೊನೆಗೆ ನಿನ್ನೆ ನನ್ನ ಸೈಟಿನಲ್ಲಿ ಅವರಿಗೊಂದು ಲಿಂಕು ಹಾಕಿದೆ.

ಇವತ್ತು ಬೆಳಗ್ಗೆ ಅವರ ಸೈಟು ನೋಡಿದರೆ, ಹೋಳಿಗೆ ಫೋಟೋದ ಕೆಳಗೆ, ನಾಯಿ ಸ್ನಾನದವರಿದ್ದ ಜಾಗದಲ್ಲೇ ನನ್ನ ಲಿಂಕು.